ಅಶೋಕನಿಗೆ ಪಟ್ಟವಾದದ್ದು ಯಾವ ಇಸವಿಯಲ್ಲಿ?

ಸಮಾಜ ಪಾಠದಲ್ಲಿ ಮೌರ್ಯರು ಬಂದಾಗ ಮಕ್ಕಳು ಕೇಳುವ ಪ್ರಶ್ನೆ ಇದು. ಒಂದು ಪುಸ್ತಕದಲ್ಲಿ ಅಶೋಕನ ಆಳ್ವಿಕೆ ಕ್ರಿ.ಪೂ. 273ರಿಂದ, ಇನ್ನೊಂದರಲ್ಲಿ 269ರಿಂದ, ಮತ್ತೊಂದರಲ್ಲಿ 268ರಿಂದ ಶುರುವಾಗುತ್ತದೆ. ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕು? ಉತ್ತರದ ಸುಳಿವು ನಮ್ಮ ಕರ್ನೂಲು ಜಿಲ್ಲೆಯಲ್ಲೇ ಇದೆ.

ಅಶೋಕನ ಕಾಲಕ್ಕೆ ಕ್ರಿಸ್ತಶಕವೂ ಇರಲಿಲ್ಲ, ಶಾಲಿವಾಹನ ಶಕೆಯೂ ಇರಲಿಲ್ಲ. ತನಗೆ ಪಟ್ಟವಾಗಿ ಎಷ್ಟು ವರ್ಷವಾಯಿತು ಎಂದಷ್ಟೇ ಆತ ಬರೆಸುತ್ತಿದ್ದ. ಕಳಿಂಗ ಯುದ್ಧ ಪಟ್ಟವಾಗಿ 8 ವರ್ಷವಾದಾಗ, ಧರ್ಮ ಮಹಾಮಾತ್ರರ ನೇಮಕ 13 ವರ್ಷವಾದಾಗ. ಆದರೆ ಆ ಪಟ್ಟ ಯಾವಾಗ?

ಬೈಬಲ್ಲಿನ ಇಸ್ರೇಲ್, ಯೆಹೂದ ರಾಜರ ಲೆಕ್ಕದಲ್ಲಿಯೂ ಇದೇ ತೊಡಕು. ಅಲ್ಲಿ ಒಬ್ಬ ರಾಜನ ವರ್ಷವನ್ನು ಇನ್ನೊಬ್ಬನ ಆಳ್ವಿಕೆಯಿಂದ ಎಣಿಸಿದ್ದಾರೆ. ಕ್ರಿ.ಪೂ. 853ರ ಯುದ್ಧವನ್ನು ಹೇಳುವ ಅಸ್ಸೀರಿಯಾದ ಶಾಸನದಲ್ಲಿ ಅಹಾಬ ರಾಜನ ಹೆಸರು ಸಿಕ್ಕಿದ್ದರಿಂದ ಆ ಸಾಲಿಗೆ ಒಂದು ಗೂಟ ಸಿಕ್ಕಿತು. ಅಂದರೆ ಹೊರಗಿನ ಸಾಕ್ಷಿ ಬೇಕು.

ಅಶೋಕನ ವಿಷಯದಲ್ಲಿ ಆ ಸಾಕ್ಷಿ 13ನೆಯ ಬಂಡೆ ಶಾಸನ. ಅದರಲ್ಲಿ ಐವರು ಗ್ರೀಕ್ ರಾಜರ ಹೆಸರುಗಳಿವೆ: ಆಂಟಿಯೋಕಸ್, ಟಾಲೆಮಿ, ಆಂಟಿಗೋನಸ್, ಮಗಸ್, ಅಲೆಕ್ಸಾಂಡರ್. ಪತ್ತಿಕೊಂಡದಿಂದ ಗುತ್ತಿಯ ಕಡೆಗೆ ಹೋಗುವಾಗ ಸಿಗುವ ಎರ್ರಗುಡಿಯ ಬಂಡೆಗಳ ಮೇಲೆ ಹದಿನಾಲ್ಕು ಶಾಸನಗಳೂ ಇವೆ, ಈ 13ನೆಯದೂ ಇದೆ.

ಈಗ ಲೆಕ್ಕ ಮಾಡೋಣ. ಎರಡನೆಯ ಆಂಟಿಯೋಕಸ್ ಪಟ್ಟವೇರಿದ್ದು ಕ್ರಿ.ಪೂ. 261ರಲ್ಲಿ. ಎಪಿರಸ್‌ನ ಅಲೆಕ್ಸಾಂಡರ್ ತೀರಿಕೊಂಡದ್ದು ಸುಮಾರು 255ರಲ್ಲಿ. ಐವರೂ ಒಟ್ಟಿಗೆ ಆಳುತ್ತಿದ್ದದ್ದು ಈ ನಡುವೆ ಮಾತ್ರ. ಶಾಸನವನ್ನು ಪಟ್ಟವಾಗಿ ಸುಮಾರು 13 ವರ್ಷಕ್ಕೆ ಬರೆಸಿದ್ದು, ಅಂದರೆ ಸುಮಾರು 256-255 ಎಂದಿಟ್ಟುಕೊಂಡರೆ ಪಟ್ಟ ಕ್ರಿ.ಪೂ. 269-268ಕ್ಕೆ ಬರುತ್ತದೆ. ಆ ಅಲೆಕ್ಸಾಂಡರ್ ಕಾರಿಂಥದವನು ಎನ್ನುವವರೂ ಇದ್ದಾರೆ. ಅವರ ಲೆಕ್ಕ ಕೆಲವು ವರ್ಷ ಈಚೆಗೆ ಸರಿಯುತ್ತದೆ.

ಹಾಗಾದರೆ 273 ಎಲ್ಲಿಂದ ಬಂತು? ತಂದೆ ಬಿಂದುಸಾರ ತೀರಿದ ನಾಲ್ಕು ವರ್ಷಗಳ ಮೇಲೆ ಅಶೋಕನಿಗೆ ಪಟ್ಟಾಭಿಷೇಕವಾಯಿತೆಂದು ಸಿಂಹಳದ ಗ್ರಂಥಗಳು ಹೇಳುತ್ತವೆ. ಅಧಿಕಾರ ಹಿಡಿದದ್ದು 273, ಪಟ್ಟಾಭಿಷೇಕ 269. ಎರಡು ಪುಸ್ತಕಗಳು ಎರಡು ಬೇರೆ ಘಟನೆಗಳನ್ನು ಹೇಳುತ್ತಿವೆ, ಅಷ್ಟೆ.

ಆದ್ದರಿಂದ ನಾವು ಮಕ್ಕಳಿಗೆ ಹೇಳುವುದಿಷ್ಟು: ಇಸವಿಯ ಹಿಂದೆ 'ಸುಮಾರು' ಎಂದು ಬರೆಯಿರಿ, ಅದು ಅಧಿಕಾರ ಹಿಡಿದ ವರ್ಷವೋ ಪಟ್ಟಾಭಿಷೇಕದ ವರ್ಷವೋ ಎಂದೂ ಬರೆಯಿರಿ. ಸಾಧ್ಯವಾದರೆ ಒಂದು ದಿನ ಎರ್ರಗುಡಿಗೆ ಹೋಗಿ ಆ ಬಂಡೆಗಳ ಮುಂದೆ ನಿಂತು ಬನ್ನಿ. ಗಡಿಯೂರಿನ ಶಾಲೆ ಎಂದು ಹಿಂಜರಿಯುವ ನಮ್ಮ ಮಕ್ಕಳಿಗೆ, ದೇಶದ ಇತಿಹಾಸದ ಲೆಕ್ಕ ತಮ್ಮ ಜಿಲ್ಲೆಯ ಕಲ್ಲಿನಲ್ಲೂ ಇದೆ ಎಂದು ಗೊತ್ತಾಗಲಿ.