ಚಾರ್ಜರಿನ ಚರಿತ್ರೆ: ನಿಲ್ಲಿಸುವ ವಿದ್ಯೆ

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಯನ್ನೂ 1905ರಲ್ಲಿ ಬೆಂಗಳೂರಿನ ಬೀದಿಗಳನ್ನೂ ತಲುಪಿತು. ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ ಸೀಮೆಯ ಹಳ್ಳಿಗಳಿಗೆ ತಂತಿ ಬರಲು ಮತ್ತೆ ದಶಕಗಳೇ ಬೇಕಾದವು. ಅಂಥ ಊರುಗಳಲ್ಲಿ ರೇಡಿಯೋ ಹಾಡುತ್ತಿದ್ದುದು ಬ್ಯಾಟರಿಯ ಬಲದಿಂದ.

ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಸೀಸ-ಆಮ್ಲದ ಬ್ಯಾಟರಿಯನ್ನು 1859ರಲ್ಲಿ ರೂಪಿಸಿದವನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ. ಅದು ಸಹನಶೀಲ, ಚಾರ್ಜು ತುಸು ಮಿತಿ ಮೀರಿದರೆ ಗುಳ್ಳೆಯೆದ್ದು ನೀರು ಇಳಿಯುತ್ತಿತ್ತು, ಡಿಸ್ಟಿಲ್ಡ್ ವಾಟರ್ ತುಂಬಿದರಾಯಿತು.

1991ರಲ್ಲಿ ಸೋನಿ ಸಂಸ್ಥೆ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್ ಬ್ಯಾಟರಿಗೆ ಆ ಸಹನೆಯಿಲ್ಲ. ಇಂದಿನ ರಿಮೋಟ್ ವಿಮಾನ, ಕಾರುಗಳ ಲಿಥಿಯಂ-ಪಾಲಿಮರ್ ಬ್ಯಾಟರಿಯೂ ಅದೇ ಕುಲದ್ದು. ಸಾಮಾನ್ಯವಾಗಿ ಅದರ ಪ್ರತಿ ಸೆಲ್ಲಿನ ಚಾರ್ಜು 4.2 ವೋಲ್ಟಿಗೆ ನಿಲ್ಲಬೇಕು. ಮೂರು ಸೆಲ್ಲುಗಳ ಮೊತ್ತ 12.6. ಆದರೆ ಕೂಡಿ ನೋಡಿ: 4.35, 4.15, 4.10 ಸೇರಿದರೂ 12.6ವೇ! ಮೊತ್ತವನ್ನಷ್ಟೇ ಅಳೆಯುವ ಅಗ್ಗದ ಚಾರ್ಜರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಮಿತಿಮೀರಿದ ಮೊದಲ ಸೆಲ್ಲು ಉಬ್ಬಿ ಹೊತ್ತಿಕೊಳ್ಳಲೂಬಹುದು.

ಆದಕಾರಣ, ಮಕ್ಕಳಿಗಾಗಿ ಚಾರ್ಜರ್ ಕೊಳ್ಳಹೊರಟ ಶಿಷ್ಯರೇ, ಬಂಧುಗಳೇ, ವೇಗದಲ್ಲಿ, ಅಲಂಕಾರದಲ್ಲಿ ಎಷ್ಟಾದರೂ ಉಳಿಸಿ. ಪ್ರತಿ ಸೆಲ್ಲನ್ನೂ ಬೇರೆಬೇರೆಯಾಗಿ ಅಳೆದು ಸಮಗೊಳಿಸುವ 'ಬ್ಯಾಲೆನ್ಸ್' ಸೌಲಭ್ಯದಲ್ಲಿ ಮಾತ್ರ ಉಳಿತಾಯ ಬೇಡ. ಚಾರ್ಜು ಮುಗಿಯುವವರೆಗೆ ಹಿರಿಯರೊಬ್ಬರು ಬಳಿಯಲ್ಲಿರಲಿ.