ಬ್ಯಾಟು ಭಾರವೇ? ಕೆತ್ತೋ ಮೊದಲು ಗ್ರಿಪ್ ಹಾಕಿ

ಬ್ಯಾಟಿನ ಅಂಚು 40, ದಪ್ಪ 67 ಮಿ.ಮೀ. ಮೀರಬಾರದು ಅಂತ 2017ರಲ್ಲಿ ಎಂಸಿಸಿ ನಿಯಮ ತಂತು. ತೂಕಕ್ಕೆ ಮಿತಿಯಿಲ್ಲ, ಬೆಲೆಗಂತೂ ಇಲ್ಲವೇ ಇಲ್ಲ. ಹಗುರ ಇಂಗ್ಲಿಷ್ ವಿಲೋ ದುಡ್ಡಿದ್ದವರಿಗೆ. ಮುರಗೋಡದಂಥ ಊರಾಗ ಹುಡುಗರ ಕೈಗೆ ಎಟುಕೋದು ಭಾರದ ಕಾಶ್ಮೀರ ವಿಲೋ.

ಹಾಗಂತ ಸೀದಾ ಬಡಿಗೇರ ಹತ್ರ ಓಡಬ್ಯಾಡ್ರಿ ಅಂತೀನಿ ನಾನು. ಮೊದಲು ಹಿಡಿಕೆಗೆ ಇನ್ನೊಂದು ರಬ್ಬರ್ ಗ್ರಿಪ್ ಏರಿಸಿ. ಒಟ್ಟು ತೂಕ ಹೆಚ್ಚಾಗ್ತದೆ, ಆದರೆ ಭಾರ ಕೈ ಕಡೆ ಸರಿದು ಎತ್ತೋಕೆ ಹಗುರ ಅನಿಸ್ತದೆ. ಒಗ್ಗದಿದ್ರೆ ಬಿಚ್ಚಬಹುದು, ಕೆತ್ತಿದ ಕಟ್ಟಿಗೆ ಮರಳಿ ಬರೋದಿಲ್ಲ.

ಕೆತ್ತಲೇಬೇಕಂದ್ರೆ ಹಿಂಬದಿಯಲ್ಲಿ, ನಡುವಿನ ಏಣಿನ ಎರಡೂ ಪಕ್ಕ, ಸ್ವಲ್ಪಸ್ವಲ್ಪವೇ. ಚೆಂಡು ತಾಗುವ ಮುಖ ಒತ್ತಿ ಗಟ್ಟಿ ಮಾಡಿದ್ದು, ಅದನ್ನ ಮುಟ್ಟಬ್ಯಾಡ್ರಿ. ಕೆತ್ತಿದ ಜಾಗಕ್ಕೆ ಅಗಸಿ ಎಣ್ಣಿ ತೆಳ್ಳಗೆ ಸವರ್ರಿ. ಹೆಚ್ಚಾದ್ರೆ ಬ್ಯಾಟು ಮತ್ತೆ ಭಾರ.