ಕಾರಕೋರಮ್

ಕಾರಕೋರಮ್: ಮಧ್ಯ ಮಂಗೋಲಿಯದ ಓರ್ಖಾನ್ ಕಣಿವೆಯಲ್ಲಿದ್ದ, 13ನೆಯ ಶತಮಾನದ ಮಂಗೋಲ್ ಸಾಮ್ರಾಜ್ಯದ ರಾಜಧಾನಿ. ಇದೇ ಹೆಸರಿನ ಪರ್ವತಶ್ರೇಣಿಗೂ ಇದಕ್ಕೂ ಸಂಬಂಧವಿಲ್ಲ. ಚೆಂಗೀಸ್ ಖಾನ್ 1220ರಲ್ಲಿ ಈ ಸ್ಥಳವನ್ನು ನೆಲೆಯಾಗಿ ಆರಿಸಿದನೆಂಬುದು ಪರಂಪರೆಯ ಹೇಳಿಕೆ. 1235ರಲ್ಲಿ ಕೋಟೆಗೋಡೆಯನ್ನೂ ಅರಮನೆಯನ್ನೂ ಕಟ್ಟಿಸಿ ಅದನ್ನು ನಗರವಾಗಿಸಿದವನು ಅವನ ಮಗ ಒಗೊದೈ.

1254ರಲ್ಲಿ ಇಲ್ಲಿ ತಂಗಿದ್ದ ಫ್ರಾನ್ಸಿಸ್ಕನ್ ಪಾದ್ರಿ ರುಬ್ರುಕ್‌ನ ವಿಲಿಯಂ ಕೊಡುವ ವರ್ಣನೆ ಅತ್ಯಂತ ಬೆಲೆಯುಳ್ಳದ್ದು. ಮಣ್ಣಿನ ಗೋಡೆಗೆ ನಾಲ್ಕು ಬಾಗಿಲು: ಪೂರ್ವದಲ್ಲಿ ಧಾನ್ಯ, ಪಶ್ಚಿಮದಲ್ಲಿ ಕುರಿ-ಮೇಕೆ, ದಕ್ಷಿಣದಲ್ಲಿ ಎತ್ತು-ಬಂಡಿ, ಉತ್ತರದಲ್ಲಿ ಕುದುರೆಗಳ ಮಾರಾಟ. ಒಳಗೆ ಮುಸ್ಲಿಂ ವರ್ತಕರ ಹಾಗೂ ಚೀನೀ ಕುಶಲಕರ್ಮಿಗಳ ಕೇರಿಗಳು. ಹನ್ನೆರಡು ದೇವಾಲಯ, ಎರಡು ಮಸೀದಿ, ಒಂದು ಚರ್ಚು. ಅರಮನೆಯಲ್ಲಿ ಪ್ಯಾರಿಸಿನ ಅಕ್ಕಸಾಲಿಗ ಗಿಯೋಮ್ ಬೂಶೆ ರಚಿಸಿದ, ಮದ್ಯ ಸುರಿಸುವ ಬೆಳ್ಳಿಯ ಮರವಿತ್ತು. ಗಾತ್ರದಲ್ಲಿ ನಗರ ಚಿಕ್ಕದು; ಇಷ್ಟು ಮತಗಳ ಸಹವಾಸವೇ ಅದರ ನಿಜವಾದ ಹಿರಿಮೆ.

ಸುತ್ತಲಿನ ಹುಲ್ಲುಗಾವಲು ನಗರವನ್ನು ಸಾಕುವಷ್ಟು ಧಾನ್ಯ ಬೆಳೆಯುತ್ತಿರಲಿಲ್ಲ. ಅದು ಬಂಡಿಗಳಲ್ಲಿ ಚೀನಾದಿಂದ ಬರಬೇಕಿತ್ತು. 1260ರ ನಂತರದ ಉತ್ತರಾಧಿಕಾರ ಯುದ್ಧದಲ್ಲಿ ಕುಬ್ಲೈ ಖಾನ್ ಈ ಸರಬರಾಜನ್ನೇ ತಡೆದು ತನ್ನ ತಮ್ಮ ಅರಿಕ್ ಬೊಕೆಯನ್ನು ಮಣಿಸಿದ. ಬಳಿಕ ರಾಜಧಾನಿ ಇಂದಿನ ಬೀಜಿಂಗ್‌ಗೆ ಸರಿಯಿತು. 1368ರಲ್ಲಿ ಕುಬ್ಲೈ ಸ್ಥಾಪಿಸಿದ ಯುವಾನ್ ವಂಶ ಚೀನಾವನ್ನು ಕಳೆದುಕೊಂಡ ಮೇಲೆ ನಗರ ಮತ್ತೆ ಕೆಲಕಾಲ ಮಂಗೋಲರ ಕೇಂದ್ರವಾಯಿತಾದರೂ, 1388ರಲ್ಲಿ ಮಿಂಗ್ ಸೇನೆ ಅದನ್ನು ಹಾಳುಗೆಡವಿತು. 16ನೆಯ ಶತಮಾನದ ಕೊನೆಯಲ್ಲಿ ಅದರ ಅವಶೇಷಗಳನ್ನು ಬಳಸಿ ಎರ್ದೆನ್ ಜೂ ಬೌದ್ಧ ವಿಹಾರ ಕಟ್ಟಲಾಯಿತು. ಓರ್ಖಾನ್ ಕಣಿವೆ 2004ರಿಂದ ಯುನೆಸ್ಕೊ ವಿಶ್ವ ಪರಂಪರೆಯ ತಾಣ.